ಕೋವಿಯ ಬಗ್ಗೆ ಬದಲಾಗುತ್ತಾ ಬಂದ ಮನಸ್ಸು

ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವ ವಿಷಯದಲ್ಲಿ ನನಗೆ ಜೀವಮಾನವಿಡೀ ಒಂದೇ ಅಭಿಪ್ರಾಯ ಇರಲಿಲ್ಲ. ಶಿರಸಿಯ ಕಡೆಯ ಅಡಿಕೆ ತೋಟದಲ್ಲಿ ಬೆಳೆಯುವಾಗ ಒಂದು ಬಗೆಯ ಅಭಿಪ್ರಾಯವಿತ್ತು, ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಅದಕ್ಕೆ ವಿರುದ್ಧವಾದದ್ದು ಬಂತು, ಪುಣೆಯಲ್ಲಿ ನೆಲೆಸಿದ ಮೇಲೆ ಅದೂ ಮತ್ತೆ ಮಗುಚಿಕೊಂಡಿತು. ಪುಸ್ತಕ ಓದಿಯೋ ಯಾರದೋ ವಾದ ಕೇಳಿಯೋ ನಾನು ಬದಲಾದದ್ದು ಕಡಿಮೆ. ನಳಿಗೆಯ ಎದುರಿಗೆ ನಿಂತಿರುವ ಜೀವ ಯಾವುದೆಂಬ ಕಲ್ಪನೆ ಬದಲಾದಾಗಲೆಲ್ಲ ಮನಸ್ಸೂ ಬದಲಾಗಿದೆ ಎಂದು ಈಗ, ಎಪ್ಪತ್ತರ ಅಂಚಿನಲ್ಲಿ, ಅನ್ನಿಸುತ್ತಿದೆ.

ನಮ್ಮ ಮನೆಯ ಒಳಜಗುಲಿಯ ಗೋಡೆಗೆ ಎರಡು ಮರದ ಗೂಟಗಳ ಮೇಲೆ ಒಂಟಿ ನಳಿಗೆಯ ಕೇಪಿನ ಕೋವಿ ಇರುತ್ತಿತ್ತು. ನಳಿಗೆಯ ಬಾಯಿಯಿಂದ ಮಸಿ (ಕೋವಿಮದ್ದು) ಸುರಿದು, ತೆಂಗಿನ ಕತ್ತವನ್ನು ಕಬ್ಬಿಣದ ಕೋಲಿನಿಂದ ಜಡಿದು, ಮೇಲೆ ಚರೆ (ಸೀಸದ ಸಣ್ಣ ಗುಂಡು) ಹಾಕಿ, ಮತ್ತೊಮ್ಮೆ ಜಡಿದು, ಕೊನೆಗೆ ಕೋವಿಯ ಕುದುರೆಯ ಕೆಳಗೆ ಕೇಪು (ಬಡಿತಕ್ಕೆ ಕಿಡಿ ಕಾರುವ ಪುಟ್ಟ ಟೋಪಿ) ಕೂರಿಸಿದರೆ ಒಂದು ಈಡು ಸಿದ್ಧವಾಗುತ್ತಿತ್ತು. ಇಷ್ಟು ಮಾಡುವಷ್ಟರಲ್ಲಿ ಎಳೆ ಅಡಿಕೆ ಕಿತ್ತು ಬಿಸಾಡುತ್ತಿದ್ದ ಮಂಗಗಳ ಹಿಂಡು ಪಕ್ಕದ ತೋಟ ದಾಟಿರುತ್ತಿತ್ತು ಎನ್ನುವುದು ಬೇರೆ ಮಾತು. ಅಪ್ಪಯ್ಯ ಮಂಗಗಳಿಗೆ ಗುರಿಯಿಟ್ಟು ಹೊಡೆದವರಲ್ಲ. ಹನುಮಂತನ ಸಂತತಿಗೆ ಹೊಡೆಯಬಾರದೆಂಬ ಅಂಜಿಕೆ ಒಂದು ಕಡೆ, ಬೆಳೆ ಹಾಳಾಗುತ್ತದೆಂಬ ಸಂಕಟ ಇನ್ನೊಂದು ಕಡೆ. ಇವೆರಡರ ನಡುವೆ ಅವರು ಕಂಡುಕೊಂಡ ದಾರಿಯೆಂದರೆ ಚರೆ ಹಾಕದೆ ಬರೀ ಮಸಿ ತುಂಬಿ ಆಕಾಶಕ್ಕೆ ಹೊಡೆಯುವುದು. ಗದ್ದೆಗೆ ಕಾಡುಹಂದಿ ಇಳಿದಾಗ ಮಾತ್ರ ಊರಿನಲ್ಲಿ ಗುರಿ ಬಲ್ಲವರನ್ನು ಕರೆಸುತ್ತಿದ್ದರು, ಹಂದಿ ಬಿದ್ದರೆ ಅದರ ಪಾಲು ತಿನ್ನುವವರ ಮನೆಗಳಿಗೆ ಹೋಗುತ್ತಿತ್ತು, ಮತ್ತು ಆಯಿ (ಅಮ್ಮ) ಅಂದು ಕೋವಿಗೆ ಗಂಗಾಜಲ ಪ್ರೋಕ್ಷಿಸಿಯೇ ಗೋಡೆಗೆ ಏರಿಸಲು ಬಿಡುತ್ತಿದ್ದರು.

ಆಯುಧ ಪೂಜೆಯ ದಿನ ಕತ್ತಿ, ಗುದ್ದಲಿ, ಪಿಕಾಸಿಗಳ ಸಾಲಿನಲ್ಲಿ ಕೋವಿಯೂ ಕೂರುತ್ತಿತ್ತು. ಕುಂಕುಮ ಹಚ್ಚುವ ಕೆಲಸ ನನ್ನದಾಗಿತ್ತು. ಹಾಗಾಗಿ ನನಗೆ ಅದು ಕತ್ತಿ ಗುದ್ದಲಿಗಳ ಜಾತಿಯದೇ ಒಂದು ವಸ್ತು. ಅದರ ಬಗ್ಗೆ ಭಯ ಇರಲಿಲ್ಲ, ಮೋಹವೂ ಇರಲಿಲ್ಲ. ಹುಡುಗಿಯರು ಮುಟ್ಟಬಾರದೆಂಬ ಕಟ್ಟಳೆ ಇತ್ತು, ಆದರೆ ಹುಡುಗರಿಗೂ ಅದೇ ಕಟ್ಟಳೆ ಇದ್ದುದರಿಂದ ನಾನದನ್ನು ಅನ್ಯಾಯವೆಂದು ಎಣಿಸಲಿಲ್ಲ. ಚುನಾವಣೆ ಬಂದಾಗ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತಿತ್ತು, ಮತ ಎಣಿಕೆ ಮುಗಿದ ಮೇಲೆ ಹಿಂದಕ್ಕೆ ತರಬೇಕಾಗುತ್ತಿತ್ತು. ಅಪ್ಪಯ್ಯ ಮತ ಹಾಕುವುದಕ್ಕಿಂತ ಹೆಚ್ಚಾಗಿ ಈ ಓಡಾಟಕ್ಕೆ ಬೇಸರಿಸಿಕೊಳ್ಳುತ್ತಿದ್ದರು.

ಕಾನೂನು ಕೂಡ ಇಂಥ ಕೋವಿಯನ್ನು ಬೇರೆಯಾಗಿಯೇ ನೋಡುತ್ತದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ನಿಜವಾದ ಬೆಳೆ ರಕ್ಷಣೆಗೆ ಬೇಕಾದ, ಬಾಯಿಯಿಂದ ಮಸಿ ತುಂಬುವ ಕೋವಿಗೆ ಪರವಾನಗಿ ಕೊಡುವ ಬಗ್ಗೆ ಪ್ರತ್ಯೇಕವಾಗಿ ಹೇಳುತ್ತದೆ. ರಿವಾಲ್ವರ್ ಮುಂತಾದವುಗಳಿಗೆ ಅರ್ಜಿ ಹಾಕುವವರು ತಮಗೆ ಅದು ಏಕೆ ಬೇಕೆಂಬುದಕ್ಕೆ ಸಕಾರಣವನ್ನು ಅಧಿಕಾರಿಗೆ ಮನಗಾಣಿಸಬೇಕು. ಮಂಗ ಬರುತ್ತದೆ ಎನ್ನುವುದಕ್ಕೆ ಸಾಕ್ಷಿ ತೋಟದಲ್ಲೇ ಇರುತ್ತದೆ. ಮನುಷ್ಯ ಬರಬಹುದು ಎನ್ನುವುದನ್ನು ಕಾಗದದ ಮೇಲೆ ಸಾಧಿಸಬೇಕಾಗುತ್ತದೆ.

ಕೋವಿಯನ್ನು ಕಿತ್ತುಕೊಂಡರೆ ಮಾನವನ್ನೇ ಕಿತ್ತುಕೊಂಡಂತೆ ಎಂಬ ಭಾವನೆಯೂ ಕನ್ನಡ ನೆಲಕ್ಕೆ ಹೊಸದಲ್ಲ. 1857ರಲ್ಲಿ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಕಾಯ್ದೆ ಬಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ತಿರುಗಿಬಿದ್ದು ಪ್ರಾಣ ಕೊಟ್ಟದ್ದನ್ನು ನಾವು ಶಾಲೆಯಲ್ಲೇ ಓದಿದವರು. ಪುಣೆಯಲ್ಲಿ ನನಗೆ ಪರಿಚಯವಾದ ಕೊಡಗಿನ ಗೆಳತಿಯೊಬ್ಬರು ಕೈಲ್ ಪೊಳ್ದ್ ಎಂಬ ಆಯುಧಗಳ ಹಬ್ಬದಲ್ಲಿ ತೋಕ್ (ಕೋವಿ) ಪೂಜೆ ಮಾಡುವುದನ್ನೂ, ಗಂಡು ಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು ಹೊಡೆಯುವುದನ್ನೂ ವರ್ಣಿಸುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅವರ ಹೆಮ್ಮೆ ನನಗೆ ಅರ್ಥವಾಗುತ್ತದೆ, ಆದರೆ ನನ್ನದಲ್ಲ. ನಮ್ಮ ಮನೆಯಲ್ಲಿ ಕೋವಿ ಹೆಮ್ಮೆಯ ವಸ್ತುವಾಗಿರಲಿಲ್ಲ. ಅಡಿಕೆಯ ಕೊನೆಕೊಯ್ಲು ಮುಗಿದ ಮೇಲೆ ಅದನ್ನು ಯಾರೂ ನೆನೆಯುತ್ತಲೇ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದೆ. ನನ್ನ ಭಾವನವರು, ಎಂದರೆ ಯಜಮಾನರ ಅಣ್ಣ, ಅಂಧೇರಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಮುಂಬಯಿಯಲ್ಲಿ ಎಂಬತ್ತು ಮತ್ತು ತೊಂಬತ್ತರ ದಶಕಗಳನ್ನು ಕಳೆದ ಕನ್ನಡಿಗ, ತುಳುವ ಹೋಟೆಲಿನವರ ಮನೆಗಳಲ್ಲಿ ಖಂಡಣಿ (ಬೆದರಿಸಿ ವಸೂಲು ಮಾಡುವ ಹಣ) ಎಂಬ ಮರಾಠಿ ಮಾತಿಗೆ ಅರ್ಥ ಹೇಳಬೇಕಾಗಿಲ್ಲ. ರಾತ್ರಿ ಗಲ್ಲಾಪೆಟ್ಟಿಗೆಯ ಲೆಕ್ಕ ಮುಗಿಯುವ ಹೊತ್ತಿಗೆ ಫೋನು ಬರುತ್ತಿತ್ತು, ಆ ಕಡೆಯ ಧ್ವನಿ ಮಕ್ಕಳ ಶಾಲೆಯ ಹೆಸರನ್ನೂ ವರ್ಗವನ್ನೂ ಹೇಳುತ್ತಿತ್ತು, ಆಮೇಲೆ ಮೊತ್ತ ಹೇಳುತ್ತಿತ್ತು. ಭಾವನವರಿಗೂ ಅಂಥ ಫೋನು ಬಂತು. ಅವರು ಹಣ ಕೊಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ, ಹೆಂಗಸರ ಎದುರು ಆ ಮಾತು ಬರುತ್ತಿರಲಿಲ್ಲ. ರಿವಾಲ್ವರ್‌ಗೆ ಪರವಾನಗಿ ಕೇಳಿ ಪೊಲೀಸ್ ಆಯುಕ್ತರ ಕಚೇರಿಗೆ ಅರ್ಜಿ ಹಾಕಿದ್ದು ಮಾತ್ರ ಎಲ್ಲರಿಗೂ ಗೊತ್ತಾಯಿತು. ವಿಚಾರಣೆಯೆಲ್ಲ ಮುಗಿದು ಪರವಾನಗಿ ಬಂದಾಗ ಅವರು ಕೊಂಡದ್ದು ಕಾನ್ಪುರದ ಸರಕಾರಿ ಕಾರ್ಖಾನೆಯ .32 ರಿವಾಲ್ವರ್. ಎಂಬತ್ತರ ದಶಕದ ನಡುವಿನಿಂದ ಖಾಸಗಿಯವರು ಹೊರದೇಶದ ಬಂದೂಕು ತರಿಸುವುದಕ್ಕೆ ತಡೆ ಬಿದ್ದಿದ್ದರಿಂದ ಹಳೆಯ ವಿಲಾಯತಿ ಪಿಸ್ತೂಲುಗಳು ಚಿನ್ನದ ಬೆಲೆಗೆ ಕೈ ಬದಲಿಸುತ್ತಿದ್ದ ಕಾಲವದು.

ಆ ರಿವಾಲ್ವರನ್ನು ಮೊದಲ ಬಾರಿ ಊಟದ ಮೇಜಿನ ಮೇಲೆ ಕಂಡಾಗ ನನಗೆ ಹುಟ್ಟಿದ್ದು ಊರಿನ ಕೋವಿ ಎಂದೂ ಹುಟ್ಟಿಸದಿದ್ದ ಅಸಹ್ಯ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಆ ವಸ್ತುವಿಗೆ ಮಂಗ ಓಡಿಸುವ ಕೆಲಸವೂ ಇರಲಿಲ್ಲ, ಗದ್ದೆ ಕಾಯುವ ಕೆಲಸವೂ ಇರಲಿಲ್ಲ. ಅದು ಮನುಷ್ಯನ ಅಳತೆಗೆ ಮಾಡಿದ್ದು. ಕೋವಿಯೆಂದರೆ ತೋಟದ ಕೆಲಸದ ಹತ್ಯಾರು ಎಂದುಕೊಂಡು ಬೆಳೆದ ನಾನು ಮನೆಯೊಳಗೆ ಬಂದೂಕೇ ಇರಬಾರದೆಂದು ವಾದಿಸುವವಳಾದದ್ದು ಆ ಮೇಜಿನ ಎದುರಿಗೇ. ನನ್ನ ಓರಗಿತ್ತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಇನ್ನೂ ನೇರವಾಗಿ ಕೇಳಿದರು: "ಇದು ನಿಮ್ಮ ಸೊಂಟದಲ್ಲಿದ್ದರೆ ಅವರು ನಿಮ್ಮನ್ನು ಬಿಟ್ಟು ನನ್ನ ಮಕ್ಕಳನ್ನು ಹಿಡಿಯುತ್ತಾರೆ. ಕಪಾಟಿನಲ್ಲಿದ್ದರೆ ನನ್ನ ಮಕ್ಕಳೇ ಇದನ್ನು ಹಿಡಿಯುತ್ತಾರೆ. ಎಲ್ಲಿಡುತ್ತೀರಿ ಹೇಳಿ." ಭಾವನವರು ಉತ್ತರಿಸಲಿಲ್ಲ. ರಿವಾಲ್ವರ್ ಕಬ್ಬಿಣದ ತಿಜೋರಿಗೆ ಹೋಯಿತು, ಗುಂಡುಗಳು ಬೇರೆ ಕಡೆ ಹೋದವು, ಬೀಗದ ಕೈ ಮೂರನೆಯ ಕಡೆ ಹೋಯಿತು. ಅಂಥ ವ್ಯವಸ್ಥೆಯಲ್ಲಿ ಕಳ್ಳನೋ ಕೊಲೆಗಾರನೋ ಬಂದರೆ ಅವನನ್ನು ಕಾಫಿ ಕೊಟ್ಟು ಕೂರಿಸಬೇಕಾಗಿತ್ತು.

1997ರ ಜನವರಿಯಲ್ಲಿ ಕಾರ್ಮಿಕ ಮುಖಂಡ ದತ್ತಾ ಸಾಮಂತರನ್ನು ಪವಯಿಯಲ್ಲಿ, ಆಗಸ್ಟ್‌ನಲ್ಲಿ ಟಿ-ಸೀರೀಸ್ ಸಂಗೀತ ಕಂಪನಿಯ ಗುಲ್ಶನ್ ಕುಮಾರ್ ಅವರನ್ನು ಅಂಧೇರಿಯಲ್ಲಿ ಹಾಡಹಗಲೇ ಗುಂಡಿಟ್ಟು ಕೊಂದರು. ಎರಡನೆಯದು ನಡೆದದ್ದು ಭಾವನವರ ಹೋಟೆಲಿನಿಂದ ದೂರವೇನಲ್ಲ. ಹೊಂಚು ಹಾಕಿ ಬರುವವನು ಎದುರಾಳಿಗೆ ಕೈ ಎತ್ತುವಷ್ಟೂ ಸಮಯ ಕೊಡುವುದಿಲ್ಲ ಎಂಬುದು ಎಲ್ಲರಿಗೂ ಕಣ್ಣಾರೆ ಕಂಡಂತಾಯಿತು. ಆದರೂ ನಾನು ಭಾವನವರ ಭಯವನ್ನು ಹಗುರವಾಗಿ ಕಾಣಲಾರೆ. ಪರವಾನಗಿ ಪುಸ್ತಕ ಅವರಿಗೆ ನಿದ್ದೆ ತಂದುಕೊಟ್ಟಿತು. ಬಂದೂಕು ಅಷ್ಟನ್ನು ಮಾಡಲಿಲ್ಲ. ಖಂಡಣಿಯ ಕಾಟ ತಗ್ಗಿದ ಮೇಲೆ ನವೀಕರಣದ ಸರದಿ ಬಂದಾಗ ಅವರೇ ಅದನ್ನು ವ್ಯಾಪಾರಿಗೆ ಮಾರಿ ಪರವಾನಗಿ ಒಪ್ಪಿಸಿಬಿಟ್ಟರು, ಮಾರಿದ ದುಡ್ಡಿನಲ್ಲಿ ಅಕ್ಕನಿಗೆ ಬಳೆ ಮಾಡಿಸಿದರು.

ಪುಣೆಗೆ ಬಂದ ಮೇಲೆ ನನ್ನ ಈ ಗಟ್ಟಿ ನಿಲುವಿಗೆ ತೂತು ಕೊರೆದವಳು ಮಗಳು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಬಾಲೇವಾಡಿಯಲ್ಲಿ ಕಟ್ಟಿದ ಶಿವ ಛತ್ರಪತಿ ಕ್ರೀಡಾ ಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ. ಕಾಲೇಜಿನ ಗೆಳತಿಯ ಜೊತೆ ಒಮ್ಮೆ ನೋಡಲು ಹೋದವಳು ಅಲ್ಲೇ ಅಂಟಿಕೊಂಡಳು. ನಾನು ಮೊದಲು ವಿರೋಧಿಸಿದೆ. ಆಮೇಲೆ ಅವಳನ್ನು ಬಿಡಲು ಹೋಗಿ ಹಿಂದಿನ ಬೆಂಚಿನ ಮೇಲೆ ಕುಳಿತು ನೋಡುತ್ತಾ ನೋಡುತ್ತಾ ವಿರೋಧ ಕರಗಿತು. ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಗುರಿಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅದಕ್ಕೆ ತಾಗಬೇಕಾದ ಸೀಸದ ಗುಂಡು 4.5 ಮಿಲಿಮೀಟರ್. ಸಾಸಿವೆಗಿಂತ ಸಣ್ಣ ಆ ಚುಕ್ಕೆಗಾಗಿ ಮಕ್ಕಳು ದಪ್ಪ ಜಾಕೀಟು ತೊಟ್ಟು, ಉಸಿರು ಅರ್ಧ ಬಿಟ್ಟು ಹಿಡಿದು, ಹೃದಯದ ಎರಡು ಬಡಿತಗಳ ನಡುವೆ ಬೆರಳು ಒತ್ತಲು ಕಾಯುತ್ತಿದ್ದರು. ತರಬೇತುದಾರರು ನಿಲ್ಲಿ ಎಂದೊಡನೆ ಎಲ್ಲ ರೈಫಲ್‌ಗಳೂ ಕೆಳಗಿಳಿಯುತ್ತಿದ್ದವು, ತುಂಬಿರಲಿ ಖಾಲಿಯಿರಲಿ ನಳಿಗೆಯನ್ನು ಮನುಷ್ಯರತ್ತ ತಿರುಗಿಸಿದವರನ್ನು ಅಂದಿನ ಮಟ್ಟಿಗೆ ಹೊರಗೆ ಕಳುಹಿಸುತ್ತಿದ್ದರು. ಅಷ್ಟು ಶಿಸ್ತನ್ನು ನಾನು ಅವಳ ಶಾಲೆಯಲ್ಲಿಯೂ ಕಂಡಿರಲಿಲ್ಲ. ಈಗಿನ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರವೂ .177 ಇಂಚು ಅಳತೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಆದ್ದರಿಂದ ಅದು ನಮ್ಮ ಮನೆಗೂ ಬಂತು, ಅವಳ ಕೋಣೆಯ ಮೂಲೆಯಲ್ಲಿ ಪೆಟ್ಟಿಗೆಯೊಳಗೆ ಉಳಿಯಿತು. ನಳಿಗೆಯ ಎದುರಿಗೆ ಕಾಗದ ಇದ್ದಾಗ ನನಗೆ ತಕರಾರಿಲ್ಲ ಎಂದು ತಿಳಿದುಕೊಂಡೆ.

2008ರ ಆಗಸ್ಟ್‌ನಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಾಗ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ನವೆಂಬರ್ 26ರ ರಾತ್ರಿ ಅದೇ ಟಿವಿಯ ಎದುರು ಕುಳಿತು, ನಾನು ವರ್ಷಗಟ್ಟಲೆ ಲೋಕಲ್ ಹಿಡಿಯಲು ಓಡಿದ ಮುಂಬಯಿಯ ವಿ.ಟಿ. ನಿಲ್ದಾಣದಲ್ಲಿ ಎಕೆ-47 ಹಿಡಿದವರು ನಡೆದಾಡುವುದನ್ನು ನೋಡಿದೆವು. ಮೂರು ದಿನಗಳಲ್ಲಿ 166 ಜನ ಸತ್ತರು. ಗಿರಗಾಂವ್ ಚೌಪಾಟಿಯಲ್ಲಿ ತುಕಾರಾಮ್ ಓಂಬಳೆ ಎಂಬ ಪೊಲೀಸರು ಗುಂಡುಗಳು ಎದೆ ಹೊಕ್ಕರೂ ಆ ಬಂದೂಕಿನ ನಳಿಗೆಯನ್ನು ಬರಿಗೈಯಲ್ಲಿ ಹಿಡಿದು ಬಿಡದೆ ಇದ್ದುದರಿಂದ ಒಬ್ಬ ಜೀವಸಹಿತ ಸಿಕ್ಕಿದ. ಆ ವಾರ ನಮ್ಮ ಪರಿಚಯದ ಮನೆಗಳಲ್ಲೆಲ್ಲ ಪ್ರತಿಯೊಬ್ಬರ ಬಳಿಯೂ ಬಂದೂಕು ಇರಬೇಕಿತ್ತು ಎಂಬ ಮಾತು ಕೇಳಿಬಂತು. ನಾನು ಅಂದು ಬಾಯಿ ಬಿಡಲಿಲ್ಲ, ಏಕೆಂದರೆ ಆ ರಾತ್ರಿ ನನಗೂ ಹಾಗೆಯೇ ಅನ್ನಿಸಿತ್ತು. ಆಮೇಲೆ ಯೋಚಿಸಿದಾಗ ಕಂಡದ್ದು ಇಷ್ಟು: ಆ ಪ್ಲಾಟ್‌ಫಾರಂ ಮೇಲಿನ ಗುಂಪಿನಲ್ಲಿ ಇಪ್ಪತ್ತು ಜನರ ಬಳಿ ರಿವಾಲ್ವರ್ ಇದ್ದು ಇಪ್ಪತ್ತೂ ಜನ ಗಾಬರಿಯಲ್ಲಿ ಹೊಡೆದಿದ್ದರೆ ಯಾರ ಗುಂಡು ಯಾರಿಗೆ? ನಮಗೆ ಅಂದು ಬೇಕಾಗಿದ್ದದ್ದು ಲಾಠಿಯ ಬದಲು ಒಳ್ಳೆಯ ಆಯುಧ ಹಿಡಿದ ಪೊಲೀಸರು.

ಐದು ವರ್ಷಗಳ ನಂತರ ಸಾವು ಇನ್ನೂ ಹತ್ತಿರ ಬಂತು. 2013ರ ಆಗಸ್ಟ್ 20ರ ಬೆಳಿಗ್ಗೆ ಮೂಢನಂಬಿಕೆಗಳ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಳಕರರನ್ನು ಪುಣೆಯ ಓಂಕಾರೇಶ್ವರ ದೇವಸ್ಥಾನದ ಬಳಿಯ ಸೇತುವೆಯ ಮೇಲೆ ಕೊಂದರು. ಬೆಳಗಿನ ತಿರುಗಾಟಕ್ಕೆ ನಾವೂ ಬಳಸುವ ಸೇತುವೆ ಅದು. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಕಮ್ಯುನಿಸ್ಟ್ ಮುಖಂಡ ಗೋವಿಂದ ಪಾನಸರೆ, ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದಲ್ಲಿ ತಮ್ಮ ಮನೆಯಲ್ಲೇ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಪುಣೆಯ ಕನ್ನಡಿಗರಿಗೆ ಈ ನಾಲ್ಕೂ ಹೆಸರು ಒಂದೇ ಉಸಿರಿನಲ್ಲಿ ಬರುತ್ತವೆ. ತನಿಖೆಗಳಲ್ಲಿ ಮತ್ತೆ ಮತ್ತೆ ಕಂಡದ್ದು 7.65 ಮಿಲಿಮೀಟರ್‌ನ ನಾಡ ಪಿಸ್ತೂಲು, ಎಂದರೆ ಯಾವ ಪರವಾನಗಿ ಪುಸ್ತಕದಲ್ಲಿಯೂ ದಾಖಲಾಗದ ಆಯುಧ. ಭಾರತದಲ್ಲಿ ನಾಗರಿಕರ ಕೈಯಲ್ಲಿ ಸುಮಾರು 7.1 ಕೋಟಿ ಬಂದೂಕುಗಳಿವೆ, ಅವುಗಳಲ್ಲಿ ನೋಂದಣಿಯಾದವು ಸುಮಾರು 97 ಲಕ್ಷ ಮಾತ್ರ ಎಂದು ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ 2018ರಲ್ಲಿ ಅಂದಾಜು ಮಾಡಿತು. ಏಳರಲ್ಲಿ ಒಂದಕ್ಕೆ ಲೆಕ್ಕವಿದೆ, ಆರಕ್ಕೆ ಇಲ್ಲ. ನನ್ನ ಅಪ್ಪಯ್ಯ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತೊಯ್ಯುತ್ತಿದ್ದ ಕೋವಿ ಆ ಒಂದರ ಲೆಕ್ಕದಲ್ಲಿತ್ತು. ಲೈಸೆನ್ಸ್ ಬಿಗಿ ಮಾಡಿದರೆ ಎಲ್ಲ ಸರಿಹೋಗುತ್ತದೆಂದು ಮುಂಬಯಿಯ ದಿನಗಳಿಂದ ನಾನು ಹೇಳಿಕೊಂಡು ಬಂದಿದ್ದ ಮಾತಿನ ದನಿ ಆಮೇಲೆ ತಗ್ಗಿತು.

ಈ ನಡುವೆ 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರಿಗೆಂದೇ ನಿರ್ಭೀಕ್ ಎಂಬ ಹಗುರವಾದ ರಿವಾಲ್ವರನ್ನು ಹೊರತಂದಿತು. ತೂಕ ಅರ್ಧ ಕಿಲೋ, ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಮೇಲೆ. ಅದಾಗಲೇ ಕೆಲಸಕ್ಕೆ ಸೇರಿದ್ದ ಮಗಳನ್ನು, ಗುರಿ ಬಲ್ಲವಳೆಂಬ ಕಾರಣಕ್ಕೆ, ನೀನು ಕೊಳ್ಳುತ್ತೀಯಾ ಎಂದು ಕೇಳಿದೆ. "ಅಮ್ಮಾ, ಹಿಂಜವಡಿಯಿಂದ ರಾತ್ರಿ ಹತ್ತಕ್ಕೆ ಬರುವ ಹುಡುಗಿಗೆ ಬೇಕಾಗಿರುವುದು ಬಸ್ಸು" ಎಂದಳು. ಹೆಣ್ಣುಮಕ್ಕಳ ಸುರಕ್ಷೆಯನ್ನು ಲಕ್ಷಾಂತರ ರೂಪಾಯಿಯ ಸಾಮಾನನ್ನಾಗಿ ಮಾರುವ ಆ ಆಲೋಚನೆ ನನಗೆ ಇಂದಿಗೂ ಹಾಸ್ಯಾಸ್ಪದವಾಗಿಯೇ ಕಾಣುತ್ತದೆ.

ಕೊನೆಯ ಬದಲಾವಣೆ ಮತ್ತೆ ಊರಿನಿಂದಲೇ ಬಂತು. ಆಯಿ ತೀರಿಕೊಂಡ ಮೇಲೆ ಅಪ್ಪಯ್ಯನಿಗೆ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ಹೊತ್ತುಗೊತ್ತು ಹೋಯಿತು. ಒಂದು ಚಳಿಗಾಲದ ನಸುಕಿನಲ್ಲಿ ಅಣ್ಣ ಯಕ್ಷಗಾನ ನೋಡಿ ಮನೆಗೆ ಬಂದಾಗ ಅಪ್ಪಯ್ಯ ಬಾಗಿಲಲ್ಲಿ ಕೋವಿ ಹಿಡಿದು ನಿಂತಿದ್ದರು. "ಯಾರದು?" ಎಂದರು. ಅಣ್ಣ ಹೆಸರು ಹೇಳಿದರೂ ಗುರುತು ಹತ್ತಲಿಲ್ಲ. ಕೇಪಿನ ಡಬ್ಬಿ ಎಲ್ಲಿದೆಯೆಂಬುದನ್ನೂ ಅವರು ಮರೆತಿದ್ದರು ಎಂಬುದೊಂದೇ ಆ ರಾತ್ರಿಯ ಪುಣ್ಯ. ಅಣ್ಣ ಮಾತನಾಡುತ್ತಾ ಮಾತನಾಡುತ್ತಾ ಕೋವಿಯನ್ನು ಕೈಯಿಂದ ಬಿಡಿಸಿಕೊಂಡು, ಬೆಳಗಾದ ಮೇಲೆ ನನಗೆ ಫೋನು ಮಾಡಿದ.

ನನ್ನ ಬಾಲ್ಯದುದ್ದಕ್ಕೂ ಯಾರಿಗೂ ಕೇಡು ಮಾಡದ ವಸ್ತುವೆಂದು ನಂಬಿದ್ದ ಆ ಕೋವಿಯ ಎದುರಿಗೆ ಈಗ ಮನೆಯ ಮಗನೇ ನಿಂತಿದ್ದ. ವಸ್ತು ಅದೇ, ಗೂಟ ಅದೇ, ಹಿಡಿದ ಕೈಯೂ ಅದೇ. ಕೈಗೆ ವಯಸ್ಸಾಗಿತ್ತು, ಅಷ್ಟೆ. ಹೊರಗಿನಿಂದ ಬರುವವರನ್ನೇ ಎಣಿಸುತ್ತಾ ಬಂದ ನಾವು ಮನೆಯೊಳಗಿನ ಮುಪ್ಪು, ಖಿನ್ನತೆ, ಕುಡಿತ, ಸಿಟ್ಟುಗಳನ್ನು ಎಣಿಸುವುದೇ ಇಲ್ಲ. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು ಎಂಬ ಮಾತನ್ನು ಎಲ್ಲೋ ಓದಿ ಪರದೇಶದ ಸಂಗತಿಯೆಂದು ಮರೆತಿದ್ದೆ, ಅಂದು ಅದು ನೆನಪಾಯಿತು. ನಮ್ಮ ಕಡೆ ಅಂಥ ಕೆಲಸಕ್ಕೆ ಕೋವಿಗಿಂತ ತೋಟಕ್ಕೆ ತಂದ ಕೀಟನಾಶಕವೇ ಸುಲಭವಾಗಿ ಕೈಗೆ ಸಿಗುತ್ತದೆ ಎಂಬುದೂ ನಿಜ. ಅಣ್ಣ ಆ ವಾರವೇ ಕೋವಿಯನ್ನು ಪರವಾನಗಿಯಿರುವ ವ್ಯಾಪಾರಿಯ ಬಳಿ ಠೇವಣಿ ಇಟ್ಟ, ಕೀಟನಾಶಕದ ಡಬ್ಬಿಗಳನ್ನೂ ಬೀಗದೊಳಗೆ ಸೇರಿಸಿದ. ಅಪ್ಪಯ್ಯ ಖಾಲಿ ಗೂಟಗಳನ್ನು ನೋಡಿ, ಚುನಾವಣೆ ಬಂತೇ ಎಂದು ಕೇಳುತ್ತಿದ್ದರಂತೆ.

ಅಪ್ಪಯ್ಯ ತೀರಿಕೊಂಡ ಮೇಲೆ ಕೋವಿಯನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. ಹಿರಿಯರ ಆಯುಧದ ಪರವಾನಗಿಯನ್ನು ವಾರಸುದಾರರು ಪಡೆಯಲು 2016ರ ನಿಯಮಗಳಲ್ಲಿ ದಾರಿಯಿದೆ. ಅಷ್ಟೇ ಅಲ್ಲ, ಪರವಾನಗಿದಾರರಿಗೆ ಎಪ್ಪತ್ತು ತುಂಬಿದರೆ ಅಥವಾ ಆಯುಧ ಇಪ್ಪತ್ತೈದು ವರ್ಷ ಅವರ ಬಳಿ ಇದ್ದರೆ ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೇಳಬಹುದು. ಇದು ನಮಗೆ ಮೊದಲೇ ತಿಳಿದಿದ್ದರೆ ಆ ನಸುಕು ಬರುತ್ತಲೇ ಇರಲಿಲ್ಲವೇನೋ. ಎಪ್ಪತ್ತು ದಾಟಿದ ತಂದೆತಾಯಿಯ ಹೆಸರಿನಲ್ಲಿ ಕೋವಿ ಇರುವವರು ಈ ನಿಯಮವನ್ನು ಗಮನಿಸಬೇಕು. ಅಣ್ಣ ಆಯುಧ ಬಳಕೆಯ ತರಬೇತಿಯ ಪ್ರಮಾಣಪತ್ರ, ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ, ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಎಲ್ಲವನ್ನೂ ಒದಗಿಸಿ ಪರವಾನಗಿ ಪಡೆದ. 2019ರ ತಿದ್ದುಪಡಿಯ ನಂತರ ನವೀಕರಣ ಮೂರು ವರ್ಷಕ್ಕಲ್ಲ, ಐದು ವರ್ಷಕ್ಕೊಮ್ಮೆ. ನಾನು ತಡೆಯಲಿಲ್ಲ, ಗೋಡೆಯ ಗೂಟಗಳನ್ನು ಮಾತ್ರ ಕೀಳಿಸಿದೆ. ಕೋವಿ ಈಗ ಬೀಗ ಹಾಕಿದ ಕಪಾಟಿನಲ್ಲಿದೆ, ಕೇಪು ಅತ್ತಿಗೆಯ ಬಳಿ ಇದೆ.

ಇತ್ತೀಚೆಗೆ ಕೋಥರೂಡಿನ ನಮ್ಮ ಸೊಸೈಟಿಯ ಹಿರಿಯರೊಬ್ಬರು, ಬಾಗಲಕೋಟೆಯ ಕಡೆಯವರು, ರಿವಾಲ್ವರ್ ಪರವಾನಗಿಯ ಅರ್ಜಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಗಳು ಶೂಟರ್ ಆಗಿದ್ದಳೆಂಬ ಕಾರಣಕ್ಕೆ ನನಗೆ ಇದೆಲ್ಲ ಗೊತ್ತಿರಬಹುದೆಂದು ಅವರ ಎಣಿಕೆ. ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ ರೈಫಲ್‌ನಲ್ಲಿ ಕಂಚು ಗೆದ್ದ ಮೇಲೆ ಈ ವಿಷಯದಲ್ಲಿ ನನ್ನ ಅಧಿಕಾರ ಸೊಸೈಟಿಯಲ್ಲಿ ವಿನಾಕಾರಣ ಹೆಚ್ಚಿದೆ. ಮನೆಯಲ್ಲಿ ಯಾರಿದ್ದಾರೆಂದು ಕೇಳಿದೆ. ಅವರು, ಅವರ ಪತ್ನಿ, ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿರುವ ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗ. ಯಾರ ಭಯವೆಂದು ಕೇಳಿದೆ. ಕಾಲ ಕೆಟ್ಟಿದೆ ಎಂದರು. ನಾನು ಬೇಡ ಎಂದೆ, ಕಾರಣವನ್ನೂ ಹೇಳಿದೆ. "ಹಾಗಾದರೆ ನಿಮ್ಮ ಅಣ್ಣಾವ್ರಿಗೆ ಯಾಕೆ ಬೇಡ ಅನ್ನಲಿಲ್ಲರೀ?" ಎಂದು ಅವರು ಸರಿಯಾಗಿಯೇ ಹಿಡಿದರು.

ಅಣ್ಣನ ತೋಟಕ್ಕೆ ಇಂದಿಗೂ ಮಂಗ ಬರುತ್ತದೆ, ನಿಮ್ಮ ನಾಲ್ಕನೆಯ ಮಹಡಿಗೆ ಬರುವವರು ಹಾಲಿನವನು, ಕೊರಿಯರ್‌ನವನು ಮತ್ತು ನಿಮ್ಮ ಮೊಮ್ಮಗನ ಗೆಳೆಯರು ಎಂದೆ. ಉತ್ತರ ಅವರಿಗೆ ಹಿಡಿಸಲಿಲ್ಲ. ಅರ್ಜಿಯನ್ನು ಮಗನ ಕೈಯಿಂದಲೇ ತುಂಬಿಸುತ್ತೇನೆಂದು ಹೇಳಿ ಎದ್ದು ಹೋದರು.